ಸ್ಕ್ರೂಜ್‌ನ ಗಂಜಿ, ನಮ್ಮೂರ ಹಂಡೆ

ಹೋದ ನವೆಂಬರ್‌ನಲ್ಲಿ ಮಗಳ ಶಾಲೆಯಲ್ಲಿ ಪೇರೆಂಟ್ಸ್ ಈವ್ನಿಂಗ್ ಇತ್ತು. ಒಬ್ಬೊಬ್ಬ ಟೀಚರ್ ಜೊತೆ ಐದೈದು ನಿಮಿಷ. ಇಂಗ್ಲಿಷ್ ಟೀಚರ್ ಒಳ್ಳೆಯವರು, ನಗುನಗುತ್ತಲೇ ಮಾತಾಡಿದರು. ಚೆನ್ನಾಗಿ ಓದುತ್ತಾಳೆ, ಆದರೆ ಪ್ರಬಂಧದಲ್ಲಿ ಇನ್ನೂ ಸ್ವಲ್ಪ 'ಆಂಬಿಷಸ್ ವೊಕ್ಯಾಬುಲರಿ' ಬೇಕು ಅಂದರು. ಮನುಷ್ಯರಿಗೆ ಮಹತ್ವಾಕಾಂಕ್ಷೆ ಇರುತ್ತದೆ ಅಂತ ಗೊತ್ತಿತ್ತು. ಪದಗಳಿಗೂ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ತಲೆಯಾಡಿಸಿ ಎದ್ದು ಬಂದೆ. ಹಿಂದೆ ಇನ್ನೊಬ್ಬರ ಸರದಿ ಕಾಯುತ್ತಿತ್ತು.

ನಾವಿರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ, ಮೆಡ್ವೇ ನದಿಯ ಪಕ್ಕ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಇದು ಸ್ವಂತ ಊರು ಇದ್ದ ಹಾಗೆ. ಐದರಿಂದ ಹತ್ತು ವರ್ಷದವರೆಗಿನ ಬಾಲ್ಯ ಇಲ್ಲಿನ ಚ್ಯಾಟಮ್‌ನಲ್ಲಿ ಕಳೆಯಿತು. ಅಪ್ಪ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತ. 1870ರಲ್ಲಿ ಡಿಕನ್ಸ್ ತೀರಿಕೊಂಡದ್ದೂ ಇಲ್ಲೇ ಹತ್ತಿರದ ಗ್ಯಾಡ್ಸ್ ಹಿಲ್ ಮನೆಯಲ್ಲಿ. ಡಿಸೆಂಬರ್ ಬಂದರೆ ಪಕ್ಕದ ರೋಚೆಸ್ಟರ್‌ನ ಹೈ ಸ್ಟ್ರೀಟ್ ತುಂಬಾ ಡಿಕನ್ಸ್ ಕಾಲದ ಎತ್ತರದ ಟೋಪಿ, ಉದ್ದ ಕೋಟು ಹಾಕಿಕೊಂಡ ಜನ. ಚಳಿಯಲ್ಲಿ ಚಹಾ ಹಿಡಿದು ನಿಂತ ನನ್ನ ಕಡೆ ಒಬ್ಬ, ಡಿಕನ್ಸ್ ಕಥೆಯ ಜಿಪುಣ ಸಾಹುಕಾರ ಸ್ಕ್ರೂಜ್‌ನ ವೇಷದವನು, ಗುರ್ ಅಂದು ಹೋದದ್ದೂ ಉಂಟು.

ಮಗಳು ಈಗ ಹನ್ನೊಂದನೆಯ ಇಯರ್. ಬೇಸಿಗೆಗೆ ಜಿಸಿಎಸ್ಇ, ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ. ಇಂಗ್ಲಿಷ್ ಸಾಹಿತ್ಯದಲ್ಲಿ ಒಂದು ನಾಟಕ ಶೇಕ್ಸ್‌ಪಿಯರ್‌ನದು, ಒಂದು ಕಾದಂಬರಿ 19ನೆಯ ಶತಮಾನದ್ದು ಓದಲೇಬೇಕು. ಇವರ ಶಾಲೆ ಆರಿಸಿಕೊಂಡದ್ದು ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್', ಜಿಪುಣ ಸ್ಕ್ರೂಜ್ ಒಂದೇ ರಾತ್ರಿಯಲ್ಲಿ ದೆವ್ವಗಳನ್ನು ಕಂಡು ಒಳ್ಳೆಯವನಾಗುವ ಕಥೆ. ಯಾಕೆ ಅಂದರೆ ಪಟ್ಟಿಯಲ್ಲಿರುವ ಪುಸ್ತಕಗಳಲ್ಲಿ ತೀರಾ ಚಿಕ್ಕದರಲ್ಲಿ ಇದೂ ಒಂದು. ಇದು ನನ್ನ ಊಹೆ, ಶಾಲೆಯವರು ಹೇಳಿದ್ದಲ್ಲ. ಐದೇ ಅಧ್ಯಾಯ. ಅದನ್ನು ಅಧ್ಯಾಯ ಅನ್ನದೆ 'ಸ್ಟೇವ್' ಅನ್ನುತ್ತಾನೆ ಡಿಕನ್ಸ್, ಅಂದರೆ ಹಾಡಿನ ನುಡಿ. ಹೆಸರಲ್ಲೇ ಕ್ಯಾರಲ್, ಅಂದರೆ ಹಾಡು, ಇದೆಯಲ್ಲ, ಅದಕ್ಕೆ.

ಆ ಸಂಜೆ ಮನೆಗೆ ಬಂದು ನಿನ್ನ ಪದಗಳನ್ನು ತೋರಿಸು ಅಂದೆ. ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾರ್ಡ್ ತಂದಳು. ಮಿಸಾಂತ್ರೋಪಿಕ್. ಪಾರ್ಸಿಮೋನಿಯಸ್. ಅವರಿಶಸ್. ಮಲೆವೊಲೆಂಟ್. ಫಿಲಾಂತ್ರೋಪಿಕ್. ರಿಡೆಂಪ್ಷನ್. ಒಂದು ಕಡೆ ಪದ, ಹಿಂದೆ ಅರ್ಥ, ಕೆಳಗೆ ಒಂದು ಮಾದರಿ ವಾಕ್ಯ. ಹಳದಿ ಕಾರ್ಡ್ ಕೆಟ್ಟ ಸ್ಕ್ರೂಜ್‌ಗೆ, ಹಸಿರು ಕಾರ್ಡ್ ಒಳ್ಳೆಯ ಸ್ಕ್ರೂಜ್‌ಗೆ.

"ಇವೆಲ್ಲ ಯಾವ ಪುಟದಲ್ಲಿ ಬರುತ್ತವೆ?" ಅಂತ ಕೇಳಿದೆ.

"ಅಪ್ಪಾ, ಇವು ಪುಸ್ತಕದಲ್ಲಿರೋ ಪದ ಅಲ್ಲ. ಪುಸ್ತಕದ ಬಗ್ಗೆ ಬರೆಯೋ ಪದ."

ಇದು ನನ್ನ ತಲೆಯಲ್ಲಿ ಎರಡು ದಿನ ಕೊರೆಯಿತು. ನಾನು ಓದಿದ್ದು ಸಾಗರದ ಹತ್ತಿರದ ಹಳ್ಳಿಯಲ್ಲಿ, ಕನ್ನಡ ಮೀಡಿಯಂ. ಎಬಿಸಿಡಿ ಶುರುವಾಗಿದ್ದು ಐದನೆಯ ಕ್ಲಾಸಿನಲ್ಲಿ. ನಮಗೆ ಪುಸ್ತಕದಲ್ಲಿರುವ ಪದ ಮಾತ್ರ ಗೊತ್ತಿತ್ತು. ಪುಸ್ತಕದ ಬಗ್ಗೆ ಬರೆಯುವುದಕ್ಕೆ ಬೇರೆ ಪದ ಇರುತ್ತವೆ, ಅವುಗಳಿಗೆ ಪ್ರತ್ಯೇಕ ಕಾರ್ಡ್ ಇರುತ್ತದೆ ಅಂತ ಕನಸಲ್ಲೂ ಇರಲಿಲ್ಲ.

ಪಿಯುಸಿಯಲ್ಲಿ ನಮಗೆ 'ನಾನ್-ಡಿಟೇಲ್ಡ್' ಅಂತ ಒಂದು ಪುಸ್ತಕ ಇತ್ತು. ಡಿಕನ್ಸ್‌ನದೇ, 'ಆಲಿವರ್ ಟ್ವಿಸ್ಟ್', ಸಣ್ಣದು ಮಾಡಿದ್ದು. ನಮ್ಮ ಇಂಗ್ಲಿಷ್ ಮೇಷ್ಟ್ರು ಕನ್ನಡ ಪಂಡಿತರ ಮಗ. ಹಾಗಾಗಿ ಅವರ ಇಂಗ್ಲಿಷ್ ಕ್ಲಾಸೂ ಕನ್ನಡ ಕ್ಲಾಸಿನ ಥರಾನೇ. ಕುಮಾರವ್ಯಾಸನ ಪದ್ಯ ಮಾಡುವ ಕ್ರಮ ನೆನಪಿದೆಯಲ್ಲ? ಮೊದಲು ರಾಗವಾಗಿ ಓದುವುದು. ಆಮೇಲೆ ಪದ ಬಿಡಿಸುವುದು. 'ಶ್ರೀವನಿತೆಯರಸನೆ', ಅಂದರೆ ಲಕ್ಷ್ಮಿಯ ಗಂಡನೆ. 'ರಾಜೀವ ಪೀಠನ ಪಿತನೆ', ಅಂದರೆ ಕಮಲದ ಮೇಲೆ ಕೂತ ಬ್ರಹ್ಮನ ಅಪ್ಪನೆ. ಪ್ರತಿಪದಾರ್ಥ, ಆಮೇಲೆ ಭಾವಾರ್ಥ. ಆಲಿವರ್ ಟ್ವಿಸ್ಟ್‌ಗೂ ಅದೇ ಮರ್ಯಾದೆ. ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಕನ್ನಡಕ್ಕೆ ಬಿಡಿಸುವುದು, ಮುಂದಕ್ಕೆ ಹೋಗುವುದು.

'ಗ್ರೂಯೆಲ್' ಬಂದ ದಿನ ಚೆನ್ನಾಗಿ ನೆನಪಿದೆ. ಅನಾಥ ಹುಡುಗರಿಗೆ ವರ್ಕ್‌ಹೌಸ್‌ನಲ್ಲಿ, ಅಂದರೆ ಗತಿಯಿಲ್ಲದವರನ್ನು ದುಡಿಸಿಕೊಂಡು ಊಟ ಹಾಕುವ ಮನೆಯಲ್ಲಿ, ದಿನಕ್ಕೆ ಮೂರು ಹೊತ್ತು ಅದೇ. ವಾರಕ್ಕೆ ಎರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು. "ಗ್ರೂಯೆಲ್ ಅಂದ್ರೆ ಗಂಜಿ ಕಣ್ರೋ. ಅದೂ ನಿಮ್ಮನೆ ಗಂಜಿ ಅಲ್ಲ. ಬೆರಳು ಹಾಕಿ ಅಗುಳು ಹುಡುಕಬೇಕು, ಅಂಥದ್ದು" ಅಂದರು ಮೇಷ್ಟ್ರು. ಮುಗೀತು. ಹುಡುಗ ಬಟ್ಟಲು ಹಿಡಿದು ಇನ್ನೊಂದು ಸ್ವಲ್ಪ ಬೇಕು ಅಂತ ಕೇಳಿದಾಗ ಹಿಂದಿನ ಬೆಂಚಿನವರೂ ಸುಮ್ಮನಾದರು.

ಆದರೆ ಪರೀಕ್ಷೆಯಲ್ಲಿ ಗಂಜಿ ಅಂತ ಬರೆಯೋ ಹಾಗಿಲ್ಲವಲ್ಲ. ಗೈಡಿನಲ್ಲಿ 'ಎ ಥಿನ್ ಪಾರಿಡ್ಜ್' ಅಂತಿತ್ತು. ಪಾರಿಡ್ಜ್ ಅಂದರೇನು ಅಂತ ಇಡೀ ಕ್ಲಾಸಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಗಂಜಿಯನ್ನು ಗೊತ್ತಿಲ್ಲದ ಪಾರಿಡ್ಜ್ ಮಾಡಿ ಬರೆದೆವು. ಪೂರ್ತಿ ಮಾರ್ಕ್ಸ್ ಬಂತು.

ಈಗ ನೋಡಿ ತಮಾಷೆ. ಕ್ರಿಸ್ಮಸ್ ಕ್ಯಾರಲ್‌ನಲ್ಲೂ ಗ್ರೂಯೆಲ್ ಬರುತ್ತದೆ. ಆದರೆ ಕುಡಿಯುವವನು ಸಾಹುಕಾರ. ಕ್ರಿಸ್ಮಸ್ ಹಿಂದಿನ ರಾತ್ರಿ, ಊರೆಲ್ಲ ಹಬ್ಬದ ಅಡುಗೆಯಲ್ಲಿರುವಾಗ ಸ್ಕ್ರೂಜ್ ಸಣ್ಣ ಬೆಂಕಿಯ ಮುಂದೆ ಕೂತು ಗಂಜಿ ಕುಡಿಯುತ್ತಾನೆ. ನೆಗಡಿ ಬೇರೆ ಆಗಿರುತ್ತದೆ. ನಮ್ಮಲ್ಲಿ ಗಂಜಿ ಕುಡಿಯುವುದು ಯಾರು? ಒಂದು, ಅನ್ನಕ್ಕೆ ಗತಿ ಇಲ್ಲದವರು. ಇನ್ನೊಂದು, ಜ್ವರ ಬಂದವರು. ಈ ಎರಡೂ ಅರ್ಥ ಆ ಒಂದು ಪಾತ್ರೆಯಲ್ಲಿವೆ. ದುಡ್ಡಿದ್ದೂ ಗತಿಗೆಟ್ಟವನ ಊಟ, ಮೇಲೆ ರೋಗಿಯ ಊಟ. ಮಗಳ ಕ್ಲಾಸಿನ ನೋಟ್ಸ್‌ನಲ್ಲಿ ಗ್ರೂಯೆಲ್ ಎದುರಿಗೆ 'ಹಳೆಯ ಕಾಲದ ಪಾರಿಡ್ಜ್' ಅಂತಷ್ಟೇ ಇತ್ತು. ಅವಳಿಗೆ ಪಾರಿಡ್ಜ್ ಅಂದರೆ ಬಾಳೆಹಣ್ಣು, ಜೇನುತುಪ್ಪ, ಬ್ಲೂಬೆರಿ ಹಾಕಿದ ಬೆಳಗಿನ ತಿಂಡಿ. "ಸ್ಕ್ರೂಜ್ ಹೆಲ್ದಿ ಡಯಟ್‌ನಲ್ಲಿದ್ದಾನೆ ಅನ್ಕೊಂಡಿದ್ದೆ" ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮೇಷ್ಟ್ರ ಕ್ರಮವೇ ಶ್ರೇಷ್ಠ, ಇಲ್ಲಿನವರಿಗೆ ಏನೂ ಬರಲ್ಲ ಅಂತ ವಾದ ಮಾಡುವುದಕ್ಕೆ ನಾನು ಕೂತಿಲ್ಲ. ಹೊರನಾಡಿನಲ್ಲಿರುವ ನಮ್ಮವರಿಗೆ ಈ ಚಟ ಜಾಸ್ತಿ. ಊರಲ್ಲಿದ್ದಾಗ ಬೈದದ್ದನ್ನೆಲ್ಲ ಇಲ್ಲಿ ಬಂದು ಹೊಗಳುವುದು. ನಿಜ ಹೇಳಬೇಕೆಂದರೆ ಆ ಕ್ರಮದಿಂದ ನನಗಾದ ಲುಕ್ಸಾನು ಸಣ್ಣದಲ್ಲ.

ಇಂಗ್ಲೆಂಡಿಗೆ ಬಂದ ಹೊಸತು. ಆಫೀಸಿನಲ್ಲಿ ಊಟದ ಹೊತ್ತಿಗೆ ಡಿಕನ್ಸ್ ಮಾತು ಬಂತು. ನಾನೂ ಓದಿದ್ದೇನೆ ಅಂದೆ, ಹೆಮ್ಮೆಯಿಂದಲೇ. ಒಬ್ಬಾಕೆ "ಹೌದಾ, ನಿನಗೆ ಹೇಗನ್ನಿಸಿತು?" ಅಂತ ಕೇಳಿದಳು. ನಾನು ಕಥೆ ಹೇಳಿದೆ. ಆಲಿವರ್ ಹುಟ್ಟಿದ, ತಾಯಿ ಸತ್ತಳು, ಲಂಡನ್ನಿಗೆ ಓಡಿದ, ಜೇಬುಗಳ್ಳರ ಕೈಗೆ ಸಿಕ್ಕಿದ. ಆಕೆ ಪೂರ್ತಿ ಕೇಳಿಸಿಕೊಂಡು ಮತ್ತೆ ಕೇಳಿದಳು: "ಅದು ಸರಿ, ನಿನಗೆ ಇಷ್ಟ ಆಯ್ತಾ?" ನನಗೆ ಬಾಯೇ ಬರಲಿಲ್ಲ. ಎರಡು ವರ್ಷ ಆ ಪುಸ್ತಕ ಓದಿದ್ದೆ. ಒಳ್ಳೆ ಮಾರ್ಕ್ಸ್ ತೆಗೆದಿದ್ದೆ. ಆ ಒಂದು ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿಕೊಳ್ಳಬಹುದು ಅಂತ ನನಗೂ ಹೊಳೆದಿರಲಿಲ್ಲ.

ಮಗಳಿಗೆ ಆ ತೊಂದರೆ ಇಲ್ಲ. ಡಿಕನ್ಸ್ ಜೊತೆ ಸರಿಯಾಗಿ ಜಗಳ ಆಡುತ್ತಾಳೆ. ಒಂದೇ ರಾತ್ರಿಯಲ್ಲಿ ಮನುಷ್ಯ ಹೇಗೆ ಬದಲಾಗುತ್ತಾನೆ ಅನ್ನುವುದು ಅವಳ ಒಂದು ತಕರಾರು. ಬೆಳಗಾಗುತ್ತಲೇ ಸ್ಕ್ರೂಜ್ ತನ್ನ ಬಡ ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸುತ್ತಾನಲ್ಲ, ಒಂದು ಕೋಳಿ ಕಳಿಸಿದರೆ ವರ್ಕ್‌ಹೌಸ್ ಮುಚ್ಚುತ್ತದಾ ಅನ್ನುವುದು ಇನ್ನೊಂದು. ಸಾಹುಕಾರ ಒಳ್ಳೆಯವನಾಗಲಿ ಅಂತ ಬಡವರು ದೆವ್ವಗಳನ್ನು ಕಾಯುತ್ತಾ ಕೂರಬೇಕಾ ಅಂತ ಕ್ಲಾಸಿನಲ್ಲೇ ಕೇಳಿದಳಂತೆ. ಟೀಚರ್ ಖುಷಿಪಟ್ಟು ಅದನ್ನೇ ಬರಿ ಅಂದರಂತೆ. ನಮ್ಮ ಕಾಲದಲ್ಲಿ ಇದಕ್ಕೆ ಒಂದು ಹೆಸರಿತ್ತು, ಅಧಿಕಪ್ರಸಂಗ. ಹಾಗೆ ಕೇಳಿದವನು ಬೆಂಚಿನ ಮೇಲೆ ನಿಲ್ಲುತ್ತಿದ್ದ.

ಪರೀಕ್ಷೆಯ ಕ್ರಮ ನೋಡಿದರೆ ಮಾತ್ರ ನಗು ಬರುತ್ತದೆ. ಕಾದಂಬರಿಯ ಒಂದು ತುಣುಕು ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಈ ತುಣುಕಿನಿಂದ ಶುರುಮಾಡಿ ಡಿಕನ್ಸ್ ಬಡತನವನ್ನು ಹೇಗೆ ತೋರಿಸಿದ್ದಾನೆ ವಿವರಿಸಿ, ಅನ್ನುವ ಥರದ ಒಂದು ಪ್ರಶ್ನೆ. ಇವರ ಬೋರ್ಡಿನಲ್ಲಿ ಅದಕ್ಕೆ 30 ಮಾರ್ಕ್ಸ್. ಪುಸ್ತಕ ಒಳಗೆ ಒಯ್ಯುವಂತಿಲ್ಲ. ಉಳಿದ ನಾಲ್ಕು ಸ್ಟೇವ್‌ಗಳಿಂದ ಏನಾದರೂ ಉದ್ಧರಿಸಬೇಕಾದರೆ ಅದು ತಲೆಯಲ್ಲೇ ಇರಬೇಕು. 2015ರಿಂದ ಹೀಗೆ ಬಿಗಿ ಮಾಡಿದ್ದಾರೆ. ಭಾರತದವರು ಬರೀ ಬಾಯಿಪಾಠ ಮಾಡ್ತಾರೆ ಅಂತ ಮೂಗು ಮುರಿಯುವ ದೇಶದಲ್ಲಿ ಈಗ ಮಕ್ಕಳು ಬಸ್ಸಿನಲ್ಲಿ ಕೂತು ಡಿಕನ್ಸ್‌ನ ಸಾಲುಗಳನ್ನು ಗಿಣಿಪಾಠ ಒಪ್ಪಿಸುತ್ತಾರೆ.

ಉತ್ತರ ಬರೆಯುವ ವಿಧಾನಕ್ಕೆ ಪಿಇಇ ಅಂತ ಹೆಸರು. ಮೊದಲು ನಿನ್ನ ಮಾತು ಹೇಳು, ಆಮೇಲೆ ಪುಸ್ತಕದಿಂದ ಸಾಕ್ಷಿ ಕೊಡು, ಆಮೇಲೆ ಬಿಡಿಸಿ ಹೇಳು. ಮಗಳು ಇದನ್ನು ನನಗೆ ವಿವರಿಸುತ್ತಿದ್ದ ಹಾಗೆ ನನಗೆ ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆ ಕಣ್ಣಮುಂದೆ ಬಂತು. 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.' ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಶೀರ್ಷಿಕೆ, ಕೆಳಗೆ ಗೆರೆ. ಸ್ವಾರಸ್ಯ ಅನ್ನುವ ಪದ ನೋಡಿ ಎಷ್ಟು ಚೆನ್ನಾಗಿದೆ. ಈ ಮಾತಿನಲ್ಲಿ ರುಚಿ ಎಲ್ಲಿದೆ ಅಂತ ಕೇಳುತ್ತಿದ್ದಾರೆ. ಆದರೆ ನಾವು ಬರೆದದ್ದು ಏನು? "ಈ ಮಾತು ಬಹಳ ಸ್ವಾರಸ್ಯಕರವಾಗಿ ಮೂಡಿಬಂದಿದೆ." ಅಷ್ಟೇ! ಮಾರ್ಕ್ಸ್ ಅದಕ್ಕೂ ಬರುತ್ತಿತ್ತು. ಮಗಳ ಕ್ಲಾಸಿನಲ್ಲಿ ಅದರ ತಮ್ಮ ಇದ್ದಾನೆ: "ಇದು ಓದುಗರ ಮೇಲೆ ಪರಿಣಾಮ ಬೀರುತ್ತದೆ." ಯಾವ ಪರಿಣಾಮ? ಅದು ಬೀರುವವನಿಗೇ ಗೊತ್ತು.

ಡಿಸೆಂಬರ್‌ನಲ್ಲಿ ಒಂದು ತೀರ್ಮಾನ ಮಾಡಿದೆ. ರಾತ್ರಿ ಊಟ ಆದಮೇಲೆ ಅಡುಗೆಮನೆ ಮೇಜಿನಲ್ಲಿ ಕೂತು ಪುಸ್ತಕವನ್ನು ಮೊದಲಿನಿಂದ ಗಟ್ಟಿಯಾಗಿ ಓದುವುದು. ಕಾರ್ಡ್ ಮುಟ್ಟುವ ಹಾಗಿಲ್ಲ. ಅವಳು ಓದಬೇಕು, ನಾನು ನಮ್ಮ ಮೇಷ್ಟ್ರ ಥರ ನಡುನಡುವೆ ನಿಲ್ಲಿಸಬೇಕು. ಮೊದಲ ದಿನ ಮುಖ ಹುಳ್ಳಗೆ ಮಾಡಿಕೊಂಡೇ ಕೂತಳು.

ಮೊದಲ ಪುಟಗಳಲ್ಲೇ ಸ್ಕ್ರೂಜ್‌ನ ಪ್ರಸಿದ್ಧ ವರ್ಣನೆ ಬರುತ್ತದೆ. ಸ್ಕ್ವೀಜಿಂಗ್, ರೆಂಚಿಂಗ್, ಗ್ರಾಸ್ಪಿಂಗ್, ಸ್ಕ್ರೇಪಿಂಗ್, ಕ್ಲಚಿಂಗ್, ಕವೆಟಸ್ ಅಂತ ಸಾಲಾಗಿ. ಮಗಳು ನಿಲ್ಲಿಸಿ "ಅಸಿಂಡೆಟಿಕ್ ಲಿಸ್ಟಿಂಗ್" ಅಂದಳು. ನನಗೆ ಅರ್ಥ ಆಗಲಿಲ್ಲ. 'ಮತ್ತು' ಹಾಕದೆ ಪಟ್ಟಿ ಮಾಡುವುದಕ್ಕೆ ಆ ಹೆಸರಂತೆ. ಪಾಪ, ಸರಿಯಾಗೇ ಹೇಳಿದಳು. ನಾನು ಕೇಳಿದೆ: "ಸರಿ, ಈ ಪದಗಳನ್ನು ಕೈಯಲ್ಲಿ ಮಾಡಿ ತೋರಿಸು ನೋಡೋಣ." ಅವಳು ಪೆಕರು ಪೆಕರಾಗಿ ನೋಡಿದಳು.

ಒಂದೊಂದಾಗಿ ಮಾಡಿದೆವು. ಸ್ಕ್ವೀಜಿಂಗ್, ನಿಂಬೆಹಣ್ಣು ಹಿಂಡುವುದು. ರೆಂಚಿಂಗ್, ಒದ್ದೆ ಟವಲ್ ತಿರುಚುವುದು. ಗ್ರಾಸ್ಪಿಂಗ್, ಗಬಕ್ಕನೆ ಹಿಡಿಯುವುದು. ಸ್ಕ್ರೇಪಿಂಗ್‌ಗೆ ನನ್ನ ಹೆಂಡತಿ ಸಿಂಕಿನ ಹತ್ತಿರದಿಂದಲೇ ಉತ್ತರ ಕೊಟ್ಟಳು: "ತೆಂಗಿನಕಾಯಿ ತುರಿದು ಮುಗಿದ ಮೇಲೂ ಕರೀ ಚಿಪ್ಪು ಕೆರೀತಾರಲ್ಲ, ಹಾಗೆ." ಕ್ಲಚಿಂಗ್, ಎದೆಗವಚಿಕೊಳ್ಳುವುದು. ಐದೂ ಕೈಯ ಕೆಲಸ. ಆರನೆಯದು, ಕವೆಟಸ್, ಅದಕ್ಕೆ ಕೈ ಬೇಡ. ಅದು ಮನಸ್ಸಿನಲ್ಲಿರುವ ಆಸೆ. ಅಂದರೆ ಡಿಕನ್ಸ್ ಕೈಯಿಂದ ಶುರುಮಾಡಿ ಒಳಗೆ ಹೋಗುತ್ತಾನೆ. ಇದು ನಾನು ಹೇಳಿದ್ದಲ್ಲ, ಮಗಳೇ ಕಂಡುಹಿಡಿದಳು. ಕೈಯಲ್ಲಿ ಮಾಡದಿದ್ದರೆ ಇಬ್ಬರಿಗೂ ಕಾಣುತ್ತಿರಲಿಲ್ಲ.

ಅದರ ಮುಂದಿನ ಮಾತು ಚಕಮಕಿ ಕಲ್ಲಿನದು. ಸ್ಕ್ರೂಜ್ ಫ್ಲಿಂಟ್‌ನಷ್ಟು ಗಟ್ಟಿ, ಚೂಪು. ಯಾವ ಉಕ್ಕೂ ಅವನಿಂದ ಉದಾರವಾದ ಒಂದು ಕಿಡಿ ಎಬ್ಬಿಸಿಲ್ಲ. ಕ್ಲಾಸಿನ ನೋಟ್ಸ್‌ನಲ್ಲಿ 'ಫ್ಲಿಂಟ್: ಗಟ್ಟಿ ಕಲ್ಲು, ಅವನ ಕಠಿಣ ಸ್ವಭಾವದ ಸಂಕೇತ' ಅಂತಿತ್ತು. ನಮ್ಮಜ್ಜ ಬೀಡಿ ಹಚ್ಚಲು ಚಕಮಕಿ ಇಟ್ಟುಕೊಂಡಿದ್ದರು. ಚರ್ಮದ ಚೀಲದಲ್ಲಿ ಒಂದು ಕಲ್ಲು, ಬೆರಳುದ್ದದ ಉಕ್ಕಿನ ತುಂಡು, ಸ್ವಲ್ಪ ಹತ್ತಿ. ಟಕ್ ಟಕ್ ಅಂತ ಎರಡು ಏಟು ಹಾಕಿದರೆ ಕಿಡಿ ಹಾರಿ ಹತ್ತಿ ಹೊಗೆಯಾಡುತ್ತಿತ್ತು. ಕಲ್ಲಾದರೂ ಹೊಡೆದರೆ ಬೆಂಕಿ ಕೊಡುತ್ತದೆ. ಅದಕ್ಕೇ ಅಲ್ವಾ ಅದನ್ನು ಜೇಬಲ್ಲಿ ಇಟ್ಟುಕೊಳ್ಳುವುದು? ಈ ಮನುಷ್ಯ ಅದನ್ನೂ ಕೊಡಲ್ಲ ಅಂತ ಡಿಕನ್ಸ್ ಬೈಯುತ್ತಿದ್ದಾನೆ. ಬರೀ 'ಗಟ್ಟಿ ಕಲ್ಲು' ಅಂತ ಬರೆದುಕೊಂಡರೆ ಬೈಗುಳದ ಅರ್ಧ ಹೋಯಿತು.

ಜಿಪುಣತನಕ್ಕೆ ನಮ್ಮ ಕಡೆಯ ಬೈಗುಳ ಯಾವುದು ಅಂತ ಕೇಳಿದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂದೆ. ಅವಳಿಗೆ ತಿಳಿಯಲಿಲ್ಲ. ಕೈಯಲ್ಲಿ ಅನ್ನದ ಅಗುಳು ಅಂಟಿರುತ್ತದೆ, ಕೈ ಬೀಸಿದರೆ ಒಂದು ಅಗುಳು ಹಾರಿ ಕಾಗೆಗೆ ಸಿಕ್ಕಿಬಿಡಬಹುದು, ಅದಕ್ಕೇ ಅವನು ಓಡಿಸಲ್ಲ ಅಂತ ಬಿಡಿಸಿ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು ಬಿದ್ದು ಬಿದ್ದು ನಕ್ಕಳು. ಜಿಪುಣ ಅನ್ನುವ ಅರ್ಥದ ಪಾರ್ಸಿಮೋನಿಯಸ್ ಕಾರ್ಡಿನ ಹಿಂದೆ ಒಂದು ಕಾಗೆ ಚಿತ್ರ ಬರೆದುಕೊಂಡಿದ್ದಾಳೆ. ಇಂಗ್ಲೆಂಡಿನ ಪರೀಕ್ಷೆಯಲ್ಲಿ ಆ ಕಾಗೆಗೆ ಮಾರ್ಕ್ಸ್ ಇಲ್ಲ, ಬಿಡಿ.

ಗುಮಾಸ್ತನ ಹೆಸರು ಬಾಬ್ ಕ್ರ್ಯಾಚಿಟ್. ಸಂಬಳ ವಾರಕ್ಕೆ 15 ಶಿಲ್ಲಿಂಗ್. ಶಿಲ್ಲಿಂಗಿಗೆ ಆಡುಮಾತಿನಲ್ಲಿ 'ಬಾಬ್' ಅನ್ನುತ್ತಿದ್ದರು. ಶನಿವಾರ ಶನಿವಾರ ತನ್ನದೇ ಹೆಸರಿನ ಹದಿನೈದು ಪ್ರತಿ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ ಅಂತ ಡಿಕನ್ಸ್ ಚೇಷ್ಟೆ ಮಾಡುತ್ತಾನೆ. 1971ರಲ್ಲಿ ಇಲ್ಲಿ ಹಳೆಯ ನಾಣ್ಯದ ಲೆಕ್ಕ ಹೋಯಿತು, ಜೊತೆಗೆ ಈ ಜೋಕೂ ಹೋಯಿತು. ನಮ್ಮಲ್ಲಾದರೆ ಹೊನ್ನಪ್ಪನಿಗೆ ವಾರಕ್ಕೆ ಹದಿನೈದು ಹೊನ್ನು ಅನ್ನಬಹುದಿತ್ತು.

ದಾನ ಕೇಳಲು ಬಂದವರಿಗೆ ಸ್ಕ್ರೂಜ್ ಜೈಲುಗಳಿಲ್ಲವೇ, ವರ್ಕ್‌ಹೌಸ್ ಇಲ್ಲವೇ, 'ಟ್ರೆಡ್‌ಮಿಲ್' ನಡೀತಿದೆ ತಾನೇ ಅಂತ ಕೇಳುತ್ತಾನಲ್ಲ. ಮಗಳ ಕ್ಲಾಸಿನ ಒಬ್ಬ ಹುಡುಗ, ಇವನ್ಯಾಕೆ ಜಿಮ್ ಬಗ್ಗೆ ಕೇಳ್ತಾನೆ ಅಂದನಂತೆ. ತಪ್ಪೇನಿಲ್ಲ. ಆ ಕಾಲದಲ್ಲಿ ಅದು ಜೈಲಿನ ಶಿಕ್ಷೆ. ದೊಡ್ಡ ಚಕ್ರದ ಮೆಟ್ಟಿಲುಗಳನ್ನು ಕೈದಿಗಳು ಗಂಟೆಗಟ್ಟಲೆ ತುಳಿಯಬೇಕಿತ್ತು. ಈಗ ತಿಂಗಳಿಗೆ ದುಡ್ಡು ಕೊಟ್ಟು ತುಳಿಯುತ್ತೇವೆ. ಬಡವರನ್ನು ವರ್ಕ್‌ಹೌಸ್‌ಗೆ ತಳ್ಳಿದ 1834ರ ಬಡವರ ಕಾನೂನು, ಜನ ಹೆಚ್ಚಿದಷ್ಟು ಅನ್ನ ಹೆಚ್ಚುವುದಿಲ್ಲ ಅನ್ನುವ ಮಾಲ್ಥಸ್‌ನ ಜನಸಂಖ್ಯೆಯ ವಾದ, ಇವನ್ನೆಲ್ಲ ಶಾಲೆಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. 'ಕಾಂಟೆಕ್ಸ್ಟ್'ಗೆ ಮಾರ್ಕ್ಸ್ ಇದೆ. ಮಾಲ್ಥಸ್ ಹೆಸರು ಬರೆಯದ ಉತ್ತರಪತ್ರಿಕೆ ಇಡೀ ಇಂಗ್ಲೆಂಡಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಡಿಕನ್ಸ್‌ಗೆ ಹನ್ನೆರಡು ವರ್ಷವಿದ್ದಾಗ, 1824ರಲ್ಲಿ, ಅಪ್ಪ ಸಾಲಕ್ಕೆ ಜೈಲಿಗೆ ಹೋದದ್ದು, ಹುಡುಗ ಬೂಟ್ ಪಾಲಿಶ್ ಡಬ್ಬಿಗೆ ಲೇಬಲ್ ಅಂಟಿಸುವ ಕೆಲಸಕ್ಕೆ ಹೋದದ್ದು ಗೊತ್ತಾದರೆ ಮಾಲ್ಥಸ್‌ಗಿಂತ ಹೆಚ್ಚು ಅರ್ಥ ಆಗುತ್ತದೆ ಅಂತ ನನಗನ್ನಿಸುತ್ತದೆ.

ಅಮೆರಿಕದ ಸುದ್ದಿ ಬೇಕಾದರೆ ಅಕ್ಕನ ಮಗ ಇದ್ದಾನೆ, ನ್ಯೂಜೆರ್ಸಿಯಲ್ಲಿ. ಅವನೂ ಹಿಂದೆ ಇದೇ ಪುಸ್ತಕ ಓದಿದ್ದ. ಅವನ ಕ್ಲಾಸಿನಲ್ಲಿ ಶುಕ್ರವಾರ ಶುಕ್ರವಾರ ವೊಕ್ಯಾಬುಲರಿ ಕ್ವಿಜ್. ಪದಗಳು ಪುಸ್ತಕದೊಳಗಿನವೇ, ಅದು ನನಗೆ ಹಿಡಿಸಿತು. ಆದರೆ ಬಾಬ್‌ಗೆ ಓವರ್‌ಕೋಟ್ ಇಲ್ಲ, ಬಿಳಿ 'ಕಂಫರ್ಟರ್' ಸುತ್ತಿಕೊಂಡು ಓಡುತ್ತಾನೆ ಅಂತ ಬರುತ್ತದಲ್ಲ, ಅಲ್ಲಿನ ಮಕ್ಕಳು ಅವನು ಹಾಸಿಗೆಯ ರಜಾಯಿ ಹೊದ್ದು ಲಂಡನ್ ಬೀದಿಯಲ್ಲಿ ಹೋಗುತ್ತಿದ್ದಾನೆ ಅಂತ ತಿಳಿದಿದ್ದರಂತೆ. ಅಮೆರಿಕದಲ್ಲಿ ಕಂಫರ್ಟರ್ ಅಂದರೆ ರಜಾಯಿ. ಡಿಕನ್ಸ್ ಹೇಳಿದ್ದು ಉಣ್ಣೆಯ ಮಫ್ಲರ್.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕ್ರ್ಯಾಚಿಟ್ ಮನೆಯ ಹಬ್ಬದೂಟ. ಪುಡ್ಡಿಂಗ್ 'ಕಾಪರ್'ನಲ್ಲಿ ಬೇಯುತ್ತಿದೆ. ಹೊರಗೆ ತೆಗೆದಾಗ ಬಟ್ಟೆ ಒಗೆಯುವ ದಿನದ ವಾಸನೆ ಬಂತು ಅಂತ ಬರೆಯುತ್ತಾನೆ. ಮಗಳು ತಾಮ್ರದ ಪಾತ್ರೆ ಇರಬೇಕು ಅಂತ ಮುಂದಕ್ಕೆ ಓದಿಬಿಟ್ಟಳು. ನಾನು ತಡೆದೆ. ಬಟ್ಟೆಯ ವಾಸನೆ ಎಲ್ಲಿಂದ ಬಂತು? ಒಂದು, ಪುಡ್ಡಿಂಗ್ ಕಟ್ಟಿದ್ದು ಬಟ್ಟೆಯಲ್ಲಿ. ಇನ್ನೊಂದು, ಕಾಪರ್ ಅಂದರೆ ಬಟ್ಟೆ ಬೇಯಿಸುವ ಹಂಡೆ. ಕೆಳಗೆ ಒಲೆ, ಮೇಲೆ ತಾಮ್ರದ ಹಂಡೆ. ನಮ್ಮೂರಲ್ಲಿ ಸ್ನಾನದ ಬಚ್ಚಲಲ್ಲಿ ಇರುತ್ತಿತ್ತಲ್ಲ, ಅಡಿಕೆ ಸಿಪ್ಪೆ ಉರಿಸಿ ನೀರು ಕಾಯಿಸುತ್ತಿದ್ದದ್ದು, ಹೆಚ್ಚುಕಮ್ಮಿ ಅದೇ. ಅಗಸರ ಮನೆಯಲ್ಲಿ ಬಟ್ಟೆ ಬೇಯಿಸುವ ಉಬ್ಬೆ ನೋಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬೇರೆ ದೊಡ್ಡ ಪಾತ್ರೆ ಇಲ್ಲದ ಮನೆ ಅದು. ವರ್ಷವೆಲ್ಲ ಬಟ್ಟೆ ಬೇಯುವುದರಲ್ಲೇ ಹಬ್ಬದ ದಿನ ಪುಡ್ಡಿಂಗ್ ಬೇಯಬೇಕು. ಇಷ್ಟೊಂದು ಜನಕ್ಕೆ ಪುಡ್ಡಿಂಗ್ ಸಣ್ಣದಾಯಿತು ಅಂತ ಆ ಮನೆಯಲ್ಲಿ ಒಬ್ಬರೂ ಹೇಳಲಿಲ್ಲ, ಅಂದುಕೊಳ್ಳಲೂ ಇಲ್ಲ. ನಮ್ಮನೆಗೆ ಹೇಳದೆ ನೆಂಟರು ಬಂದಾಗ ಸಾರಿಗೆ ನೀರು ಬೆರೆಸುತ್ತಿದ್ದರು. ಸಾರು ತೆಳ್ಳಗಾಗಿದೆ ಅಂತ ಮಕ್ಕಳು ಬಾಯಿ ಬಿಡುವ ಹಾಗಿರಲಿಲ್ಲ.

ಆ ಪುಟ ಆದಮೇಲೆ ಮಗಳು ಪುಸ್ತಕ ಮುಚ್ಚಿಟ್ಟು ಹೇಳಿದಳು: "ಬಡತನದ ಬಗ್ಗೆ ನಾವು ಎರಡು ವಾರ ಪಾಠ ಮಾಡಿದ್ವಿ. ಈ ಹಂಡೆ ಯಾರೂ ಹೇಳಲೇ ಇಲ್ಲ." ನನ್ನ ತಕರಾರು ಪೂರ್ತಿ ಇಷ್ಟೇ. ಮಹತ್ವಾಕಾಂಕ್ಷೆಯ ಪದ ಬೇಡ ಅನ್ನುತ್ತಿಲ್ಲ. ಅವು ನನಗೆ ಇಲ್ಲದೇ ಹೋದದ್ದಕ್ಕೆ ಅವತ್ತು ಊಟದ ಮೇಜಿನಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ಆದರೆ ಹಂಡೆ ಮೊದಲು ಬರಲಿ, ಕಾರ್ಡ್ ಆಮೇಲೆ ಬರಲಿ. ನಮಗೆ ಹಂಡೆ ತೋರಿಸಿ ಮನೆಗೆ ಕಳಿಸಿದರು. ಇವರಿಗೆ ಕಾರ್ಡ್ ಕೊಟ್ಟು ಪರೀಕ್ಷೆಗೆ ಕಳಿಸುತ್ತಿದ್ದಾರೆ.

ಅಂದ ಹಾಗೆ, ಮಿಸಾಂತ್ರೋಪಿಕ್ ಪುಸ್ತಕದಲ್ಲಿಲ್ಲ ಅಂದಿದ್ದಳಲ್ಲ, ಇದೆ! ಮೊದಲ ಸ್ಟೇವ್‌ನಲ್ಲೇ ಇದೆ. ಆದರೆ ಸ್ಕ್ರೂಜ್ ಬಗ್ಗೆ ಅಲ್ಲ. ಚಳಿ ಹೆಚ್ಚಾದ ಸಂಜೆ ಬೀದಿಯ ನಲ್ಲಿಯಿಂದ ಸೋರಿದ ನೀರು ಮುಖ ಗಂಟುಹಾಕಿಕೊಂಡು ಗಟ್ಟಿಯಾಗಿ 'ಮಿಸಾಂತ್ರೋಪಿಕ್ ಐಸ್' ಆಯಿತು ಅಂತ. ಮನುಷ್ಯರನ್ನು ಕಂಡರಾಗದ ಮಂಜುಗಡ್ಡೆ. ಕಂಡದ್ದು ಮಗಳಿಗೆ. ಓದುತ್ತಾ ಓದುತ್ತಾ ಗಕ್ಕನೆ ನಿಂತಳು. ಕಾರ್ಡ್ ಕಟ್ಟು ತಂದು ಆ ಪದವನ್ನು ಹುಡುಕಿ ಪುಟದ ಪಕ್ಕ ಇಟ್ಟಳು. "ಅಪ್ಪಾ, ನಾವೆಲ್ಲ ಸ್ಕ್ರೂಜ್‌ಗೆ ಅಂಟಿಸಿದ್ದನ್ನ ಡಿಕನ್ಸ್ ಐಸ್‌ಗೆ ಹಾಕಿದ್ದಾನೆ!" ನನಗೆ ಅದು ತಟ್ಟನೆ ಹಿಡಿಯಲಿಲ್ಲ. ಸಾಗರದಲ್ಲಿ ನಲ್ಲಿ ನೀರು ಹೆಪ್ಪುಗಟ್ಟಿದ್ದು ಯಾರು ಕಂಡಿದ್ದಾರೆ? ಅವಳೇ ಹಿತ್ತಲ ಬಾಗಿಲು ತೆಗೆದು ತೋಟದ ನಲ್ಲಿ ತೋರಿಸಿದಳು. ಹಿಂದಿನ ರಾತ್ರಿ ಸೋರಿದ್ದು ನೆಲದ ಮೇಲೆ ಕೊಳಕು ಬಣ್ಣದ ಗಂಟಾಗಿ ಕೂತಿತ್ತು. ಅದರ ಮೇಲೆ ಕಾಲಿಟ್ಟರೆ ಬಿದ್ದೆವು ಅಂತಲೇ ಲೆಕ್ಕ. ಆ ಪದಕ್ಕೆ ಮೇಷ್ಟ್ರು ಅವಳು, ನಾನು ಹಿಂದಿನ ಬೆಂಚು.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಬಚ್ಚಲ ಹಂಡೆಯ ಒಂದು ಫೋಟೊ ತೆಗೆಸಿ ಕಳಿಸು, ಮೊಮ್ಮಗಳಿಗೆ ತೋರಿಸಬೇಕು ಅಂದೆ.

"ಯಾವ ಹಂಡೆನೋ? ಸೋಲಾರ್ ಹಾಕ್ಸಿದ ವರ್ಷಾನೇ ಅದನ್ನ ಗುಜರಿಯವನಿಗೆ ಕೊಟ್ಟಾಯ್ತಲ್ಲ. ಈಗ ಯಾಕೆ ಅದು?"

ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಹಿಂದೆ ಬಡವರು ಹಬ್ಬದ ದಿನ ಹಂಡೆಯಲ್ಲಿ ಪುಡ್ಡಿಂಗ್ ಬೇಯಿಸುತ್ತಿದ್ದರು, ಬಟ್ಟೆ ಕುದಿಸುವ ಹಂಡೆಯಲ್ಲಿ, ಅಂತ.

"ಪುಡ್ಡಿಂಗ್ ಅಂದ್ರೆ?"

"ಕಡುಬಿನ ಥರ ಅಮ್ಮ. ಬಟ್ಟೇಲಿ ಕಟ್ಟಿ ಬೇಯಿಸೋದು."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯಿತು ಅಂದುಕೊಂಡೆ.

"ಸೋಪಿನ ವಾಸನೆ ಹೊಡೀತಿರಲಿಲ್ವಂತಾ?" ಅಂದಳು ಅಮ್ಮ.